ಒಂದ್ಸಲ ರಕ್ತ ಕೊಟ್ಟೋರು ಎರಡನೇ ಸಲ ಯಾಕೆ ಬರಲ್ಲ?

ಪೆಂಡಾಲ್_ಸೆಕ್ರೆಟ್ರಿ (ದಾವಣಗೆರೆ):
ಎಲ್ರಿಗೂ ನಮಸ್ಕಾರ. ನಮ್ದು ಇಲ್ಲಿ ಒಂದು ಗಣಪತಿ ಯುವಕ ಸಂಘ, ಪ್ರತಿ ವರ್ಷ ಪೆಂಡಾಲ್ ಪಕ್ಕದಲ್ಲೇ ರಕ್ತದಾನ ಶಿಬಿರ ಮಾಡ್ತೀವಿ. ಜನ ಬರೋದ್ರಲ್ಲಿ ಏನೂ ತೊಂದ್ರೆ ಇಲ್ಲ, ಒಂದೊಂದ್ಸಲ ಬ್ಲಡ್ ಬ್ಯಾಂಕ್‌ನವ್ರು ತಂದ ಬ್ಯಾಗೇ ಖಾಲಿ ಆಗಿಬಿಡುತ್ತೆ. ತೊಂದ್ರೆ ಇರೋದು ಆಮೇಲೆ. ಸರ್ಟಿಫಿಕೇಟ್ ಹಿಡ್ಕೊಂಡು ಸ್ಟೇಟಸ್ ಹಾಕಿದ್ರೆ ಮುಗೀತು, ಏಪ್ರಿಲ್ ಮೇ ತಿಂಗಳಲ್ಲಿ ಅದೇ ಲಿಸ್ಟ್ ಇಟ್ಕೊಂಡು ಫೋನ್ ಮಾಡಿದ್ರೆ ಯಾರೂ ಎತ್ತಲ್ಲ, ಎತ್ತಿದ್ರೂ "ಊರಲ್ಲಿಲ್ಲ ಅಣ್ಣ", "ಅಕ್ಕನ ಮದ್ವೆ", "ಮೊನ್ನೆ ಜ್ವರ ಬಂದಿತ್ತು". ಈ ಸಲ ಮೀಟಿಂಗಲ್ಲಿ ಒಬ್ಬ ಹೇಳ್ದ, ಬಂದೋರಿಗೆಲ್ಲ ಹೆಲ್ಮೆಟ್ ಕೊಡೋಣ ಆಗ ಮತ್ತೆ ಮತ್ತೆ ಬರ್ತಾರೆ ಅಂತ. ಇನ್ನೊಬ್ಬ ಮಿಕ್ಸಿ ಲಕ್ಕಿ ಡ್ರಾ ಇಡೋಣ ಅಂದ. ನಂಗ್ಯಾಕೋ ಸರಿ ಕಾಣ್ತಿಲ್ಲ. ಹಬ್ಬದಲ್ಲಿ ಒಂದ್ಸಲ ಕೊಡೋ ಹುಡುಗನ್ನ ವರ್ಷಕ್ಕೆ ಮೂರ್ ಸಲ ತಾನಾಗೇ ಹೋಗಿ ಕೊಡೋ ಹಾಗೆ ಮಾಡೋದು ಹೇಗೆ? ಮಾಡಿ ನೋಡಿದವ್ರು ಯಾರಾದ್ರೂ ಇದ್ರೆ ಹೇಳ್ರಪ್ಪ.

ಹುಬ್ಬಳ್ಳಿ_ಗಿರ್ಮಿಟ್:
ಸೆಕ್ರೆಟ್ರಿ ಸಾಹೇಬ್ರ, ಹೆಲ್ಮೆಟ್ ಕೊಟ್ರ ಹೆಲ್ಮೆಟ್ ಸಲುವಾಗಿ ಬರ್ತಾರ್ರೀ. ನಮ್ ಕಡೆ ಒಂದ್ ಕ್ಯಾಂಪಿನ್ಯಾಗ ಸ್ಟೀಲ್ ಡಬ್ಬಿ ಕೊಟ್ಟಿದ್ರು. ಹಿಂದಿನ ತಿಂಗಳ ಕೊಟ್ಟಾವ ಒಬ್ಬ ಅದನ್ನ ಮುಚ್ಚಿಟ್ಟು ಮತ್ತ ಬಂದು ಮಂಚದ ಮ್ಯಾಲೆ ಮಲ್ಕೊಂಡಿದ್ದ, ಅವನ ದೋಸ್ತನ ಹೇಳಿ ಎಬ್ಬಿಸಿ ಕಳಿಸಿದ್ರು.

ಬೆಳಗಿನ_ಬಿಎಂಟಿಸಿ:
ಡಬ್ಬಿಗೋಸ್ಕರ 😂😂

ಸಿಡುಕು_ಸಿದ್ದ:
ನಾನು ನೇರವಾಗಿ ಕೇಳ್ತೀನಿ ಯಾರೂ ಬೇಜಾರು ಮಾಡ್ಕೋಬೇಡಿ. ನಾವು ಪುಕ್ಕಟೆ ಕೊಡ್ತೀವಿ, ಆಸ್ಪತ್ರೆಯವ್ರು ಅದನ್ನೇ ಪೇಷೆಂಟಿಗೆ ದುಡ್ಡಿಗೆ ಮಾರ್ತಾರೆ. ನಮ್ಮ ದೊಡ್ಡಪ್ಪಂಗೆ ಆಪರೇಷನ್ ಆದಾಗ ಬಿಲ್ಲಲ್ಲಿ ರಕ್ತಕ್ಕೆ ಅಂತಾನೇ ಸಾವಿರಗಟ್ಲೆ ಇತ್ತು, ಅದರ ಮೇಲೆ "ಎರಡು ಜನ ಡೋನರ್ ಕರ್ಕೊಂಡ್ ಬನ್ನಿ ಇಲ್ಲಾಂದ್ರೆ ಕೊಡಲ್ಲ" ಬೇರೆ. ಯಾವ ಆಸ್ಪತ್ರೆ ಅಂತ ಹೇಳಲ್ಲ. ಇದನ್ನ ನೋಡಿದವ್ನು ಎರಡನೇ ಸಲ ಯಾಕೆ ಹೋಗ್ಬೇಕು ಹೇಳಿ.

ಲ್ಯಾಬ್_ಮಾಮ (ಮೈಸೂರು):
ಸಿದ್ದ, ನಿಮ್ಮ ಸಿಟ್ಟು ನ್ಯಾಯವಾದದ್ದೇ, ಆದ್ರೆ ಎರಡು ವಿಷಯ ಬೇರೆ ಬೇರೆ ಮಾಡಿ ನೋಡಿ. ನಾನು ಬ್ಲಡ್ ಬ್ಯಾಂಕಲ್ಲಿ ಟೆಕ್ನಿಷಿಯನ್ ಆಗಿದ್ದು ರಿಟೈರ್ ಆದವನು. ರಕ್ತಕ್ಕೆ ಬೆಲೆ ಇಲ್ಲ, ಪ್ರೊಸೆಸಿಂಗ್‌ಗೆ ಬೆಲೆ ಇದೆ. ನೀವು ಕೊಟ್ಟ ಪ್ರತಿ ಬ್ಯಾಗಿಗೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಟೆಸ್ಟ್ ಆಗ್ಲೇಬೇಕು. ಬ್ಯಾಗು, ಕಿಟ್ಟು, ಸೆಂಟ್ರಿಫ್ಯೂಜು, ಇಪ್ಪತ್ನಾಲ್ಕು ಗಂಟೆ ಓಡೋ ಫ್ರಿಜ್ಜು, ಜನ, ಇದೆಲ್ಲ ಸೇರಿ ಖರ್ಚು. ಸರ್ಕಾರದ ದರದಲ್ಲಿ ಒಂದು ಯೂನಿಟ್ ಕೆಂಪು ರಕ್ತಕ್ಕೆ ಖಾಸಗಿ ಬ್ಲಡ್ ಬ್ಯಾಂಕಲ್ಲಿ 1,550 ರೂಪಾಯಿ, ಸರ್ಕಾರಿ ಕಡೆ 1,100. ಪ್ಲಾಸ್ಮಾ, ಮಾಮೂಲಿ ಪ್ಲೇಟ್ಲೆಟ್ ಇನ್ನೂ ಕಮ್ಮಿ. ನ್ಯಾಟ್ (ಸೋಂಕನ್ನ ಇನ್ನೂ ಬೇಗ ಹಿಡಿಯೋ ಟೆಸ್ಟ್) ತರದ ಜಾಸ್ತಿ ಟೆಸ್ಟ್ ಮಾಡಿದ್ರೆ ಅದರ ಚಾರ್ಜ್ ಬೇರೆ. ಇದರ ಮೇಲೆ ಏನೂ ತಗೋಬಾರ್ದು ಅಂತ ಔಷಧ ನಿಯಂತ್ರಕರು ಎಲ್ಲಾ ರಾಜ್ಯಗಳಿಗೂ ಮತ್ತೆ ಬರ್ದಿದ್ದು 2024ರ ಶುರುವಲ್ಲಿ ಪೇಪರ್‌ಗಳಲ್ಲೆಲ್ಲ ಬಂತು. ಥಲಸ್ಸೀಮಿಯಾ, ಸಿಕಲ್ ಸೆಲ್, ಹಿಮೋಫಿಲಿಯಾ ಅನ್ನೋ ಹುಟ್ಟಿನಿಂದ ಬರೋ ರಕ್ತದ ಕಾಯಿಲೆ ಇರೋರಿಗೆ ಸರ್ಕಾರಿ ಕಡೆ ಉಚಿತ ಕೊಡ್ಬೇಕು. ಬಿಲ್ಲಲ್ಲಿ ಇದಕ್ಕಿಂತ ಜಾಸ್ತಿ ಕಂಡ್ರೆ ರಸೀದಿ ಇಟ್ಕೊಂಡು ದೂರು ಕೊಡಿ, ಬಿಡ್ಬೇಡಿ.

ಇನ್ನು "ಡೋನರ್ ಕರ್ಕೊಂಡ್ ಬನ್ನಿ" ಅನ್ನೋದು. ಅದಕ್ಕೆ ರೀಪ್ಲೇಸ್‌ಮೆಂಟ್ ಅಂತಾರೆ. ಅದು ತಪ್ಪು ಪದ್ಧತಿ. ಆದ್ರೆ ಅದು ಯಾಕೆ ನಡೀತಿದೆ? ತಾನಾಗೇ ಬರೋರು ಸಾಲ್ತಿಲ್ಲ, ಅದಕ್ಕೆ.

ಸಿಡುಕು_ಸಿದ್ದ:
ದರ ಪಟ್ಟಿ ಗೊತ್ತಿರ್ಲಿಲ್ಲ ಥ್ಯಾಂಕ್ಸ್. ಆದ್ರೆ ಅದನ್ನ ಆಸ್ಪತ್ರೆ ಗೋಡೆ ಮೇಲೆ ದೊಡ್ಡದಾಗಿ ಹಾಕ್ಲಿ ನೋಡೋಣ. ಸಿಟ್ಟು ಹಾಗೇ ಇದೆ.

ಕರಾವಳಿ_ಕಡ್ಲೆ:
ಮಾಮ ಹೇಳಿದ ಆ ಡೋನರ್ ಕರ್ಕೊಂಡು ಬರುವ ವಿಷಯ ಇನ್ನೊಂದು ಕಡೆಯಿಂದಲೂ ಡೇಂಜರ್ ಮಾರಾಯ್ರೆ. ತುರ್ತು ಅಂತ ಭಾವನನ್ನೋ ಪಕ್ಕದ ಮನೆಯವನನ್ನೋ ಎಳ್ಕೊಂಡು ಹೋದ್ರೆ ಅವನು ಫಾರ್ಮಲ್ಲಿ ಸತ್ಯ ಬರೀತಾನಾ? ಎದುರಿಗೆ ಅತ್ತೆ ಮಾವ ಕೂತಿರ್ತಾರೆ. ಕಾಯಿಲೆ ಇದ್ರೂ, ಮೊನ್ನೆ ಎಲ್ಲಿಗೋ ಹೋಗಿ ಬಂದಿದ್ರೂ ಬಾಯಿ ಬಿಡುದಿಲ್ಲ. ಟೆಸ್ಟಲ್ಲಿ ಸೋಂಕು ಕಾಣ್ಲಿಕ್ಕೆ ಸ್ವಲ್ಪ ದಿನ ಬೇಕಾಗ್ತದೆ, ಆ ಮಧ್ಯದ ದಿನಗಳಲ್ಲಿ ಕೊಟ್ಟ್ರೆ ಮಷಿನಿಗೂ ಗೊತ್ತಾಗ್ಲಿಕ್ಕಿಲ್ಲ. ಪದೇಪದೇ ಕೊಡುವವನಿಗೆ ಆ ಮುಲಾಜು ಇಲ್ಲ, ಈ ಸಲ ಆಗುದಿಲ್ಲ ಅಂತ ಹೇಳಿ ಎದ್ದು ಬರ್ತಾನೆ ಅಷ್ಟೆ.

ಬೆಳಗಿನ_ಬಿಎಂಟಿಸಿ:
ಆದ್ರೆ ಸ್ವಂತ ಅಣ್ಣ ತಮ್ಮ, ಅಪ್ಪ ಕೊಟ್ರೆ ಎಲ್ಲಕ್ಕಿಂತ ಸೇಫ್ ಅಲ್ವಾ? ಒಂದೇ ರಕ್ತ ತಾನೇ.

ಲ್ಯಾಬ್_ಮಾಮ (ಮೈಸೂರು):
ಉಲ್ಟಾ. ಎಲ್ರೂ ಹೀಗೇ ಅಂದ್ಕೊಂಡಿರ್ತಾರೆ. ಅಪ್ಪ, ಅಮ್ಮ, ಮಕ್ಕಳು, ಒಡಹುಟ್ಟಿದವ್ರ ರಕ್ತ ಎಷ್ಟೋ ವಿಷಯದಲ್ಲಿ ಹೊಂದಿಕೆ ಆಗಿರೋದ್ರಿಂದ ಅದರಲ್ಲಿರೋ ಬಿಳಿ ಕಣಗಳನ್ನ ರೋಗಿಯ ದೇಹ "ಹೊರಗಿನವ್ನು" ಅಂತ ಗುರುತು ಹಿಡಿಯಲ್ಲ, ಅವು ಒಳಗೆ ಉಳ್ಕೊಂಡು ರೋಗಿಯ ದೇಹದ ಮೇಲೇ ತಿರುಗಿ ಬೀಳ್ಬಹುದು. ಅಪರೂಪ, ಆದ್ರೆ ಬಂದ್ರೆ ಉಳಿಯೋದು ಬಹಳ ಕಷ್ಟ. ಅದಕ್ಕೇ ಹತ್ತಿರದ ರಕ್ತಸಂಬಂಧಿಯ ರಕ್ತ ಕೊಡೋದಾದ್ರೆ ಮೊದಲು ವಿಕಿರಣ ಹಾಯಿಸ್ತಾರೆ. ಎಲ್ಲಾ ಊರಲ್ಲೂ ಆ ಮಷಿನ್ ಇಲ್ಲ.

ಬೆಳಗಿನ_ಬಿಎಂಟಿಸಿ:
ಇದು ಗೊತ್ತೇ ಇರ್ಲಿಲ್ಲ. ಮನೆ ಗ್ರೂಪಿಗೆ ಹಾಕ್ತೀನಿ.

ಮಂಡ್ಯ_ಬೆಲ್ಲ:
ಗ್ರೂಪ್ ಅಂದಾಗ ನೆನಪಾಯ್ತು. ದಯವಿಟ್ಟು ಆ "ಅರ್ಜೆಂಟ್ ಬಿ ನೆಗೆಟಿವ್ ಬೇಕು, ಎಲ್ಲರಿಗೂ ಕಳ್ಸಿ" ಮೆಸೇಜ್‌ಗಳನ್ನ ನಿಲ್ಸಿ. ತಾರೀಕು ಇರಲ್ಲ, ಆಸ್ಪತ್ರೆ ಹೆಸ್ರು ಅರ್ಧ ಇರುತ್ತೆ. ನಮ್ಮೂರ ಒಬ್ಬರ ನಂಬರ್ ಹೀಗೆ ಓಡಾಡ್ತಿದೆ, ಅವ್ರ ಮಗಳು ಹೆರಿಗೆ ಆಗಿ ಮನೆಗೆ ಬಂದು ಮಗು ಈಗ ಅಂಗನವಾಡಿಗೆ ಹೋಗ್ತಿದೆ, ಇವತ್ತಿಗೂ ರಾತ್ರಿ ಹನ್ನೊಂದು ಗಂಟೆಗೆ "ಸಾರ್ ಬ್ಲಡ್ ಬೇಕಿತ್ತಾ" ಅಂತ ಫೋನು. ಪಾಪ ಅವ್ರು ಪ್ರತಿಯೊಬ್ರಿಗೂ ಥ್ಯಾಂಕ್ಸ್ ಹೇಳಿ ಇಡ್ತಾರೆ. ಇ-ರಕ್ತಕೋಶ್ ಅಂತ ಕೇಂದ್ರ ಸರ್ಕಾರದ್ದೇ ಪೋರ್ಟಲ್ ಇದೆ, ಯಾವ ಜಿಲ್ಲೆಯ ಯಾವ ಬ್ಲಡ್ ಬ್ಯಾಂಕಲ್ಲಿ ಯಾವ ಗ್ರೂಪ್ ಎಷ್ಟಿದೆ ನೋಡ್ಬಹುದು.

ಹುಬ್ಬಳ್ಳಿ_ಗಿರ್ಮಿಟ್:
ಪೋರ್ಟಲ್ದಾಗ ಹತ್ತ್ ಐತಿ ಅಂತ ತೋರಿಸ್ತದ, ಫೋನ್ ಹಚ್ಚಿದ್ರ ಒಂದೂ ಇಲ್ರೀ ಅಂತಾರ. ಎರಡೂ ನೋಡ್ಕೋಬೇಕು.

ಮಂಡ್ಯ_ಬೆಲ್ಲ:
ಅದೂ ನಿಜವೇ ಬಿಡಿ.

ಕೋಲಾರದ_ಅಕ್ಕ:
ನಾನು ಇಲ್ಲಿ ಸುಮ್ನೆ ಓದ್ಕೊಂಡು ಹೋಗೋಳು, ಇವತ್ತು ಬರೀತೀನಿ. ನನ್ನ ಮಗಳಿಗೆ ಥಲಸ್ಸೀಮಿಯಾ ಮೇಜರ್. ಅವಳ ದೇಹ ಸರಿಯಾದ ರಕ್ತ ಮಾಡಲ್ಲ, ಎರಡು ಮೂರು ವಾರಕ್ಕೊಂದ್ಸಲ ಹಾಕಿಸ್ಲೇಬೇಕು, ಇವತ್ತು ನಾಳೆ ಅಲ್ಲ, ಜೀವನ ಪೂರ್ತಿ. ಹಿಮೋಗ್ಲೋಬಿನ್ ಇಳೀತಾ ಬಂದಾಗ ನಂಗೆ ರಿಪೋರ್ಟ್ ಬೇಕಾಗಲ್ಲ. ಸ್ಕೂಲಿಂದ ಬಂದವಳು ಬ್ಯಾಗು ಬೆನ್ನಿಂದ ಇಳಿಸದೇ ಹಾಗೇ ದಿವಾನ ಮೇಲೆ ಒರಗಿಬಿಡ್ತಾಳೆ, ತುಟಿ ಬಿಳುಚಿಕೊಂಡಿರುತ್ತೆ, ತಮ್ಮ ರಿಮೋಟ್ ಕಿತ್ಕೊಂಡ್ರೂ ಸುಮ್ನಿರ್ತಾಳೆ. ರಕ್ತ ಹಾಕಿಸ್ಕೊಂಡು ಬಂದ ಸಂಜೆ ಅದೇ ರಿಮೋಟಿಗೆ ಇಬ್ರೂ ಹೊಡೆದಾಡ್ತಾರೆ, ನಾನು ಬೈಯಲ್ಲ.

ನಮ್ಮಂಥ ಮನೆಗಳಿಗೆ ಆಕ್ಸಿಡೆಂಟ್ ಆದಾಗ ಓಡಿ ಬರೋ ಹೀರೋಗಳು ಬೇಡ. ಯಾವತ್ತು ಬೇಕು ಅಂತ ತಿಂಗಳ ಮುಂಚೇನೇ ಗೊತ್ತಿರುತ್ತೆ. ಆಸ್ಪತ್ರೆ ಡೇ ಕೇರಲ್ಲಿ ಕೈಗೆ ಸೂಜಿ ಹಾಕಿ ಕೂರ್ಸಿರ್ತಾರೆ, ಮಕ್ಕಳೆಲ್ಲ ಫೋನಲ್ಲಿ ಕಾರ್ಟೂನ್ ನೋಡ್ತಾ ಇರ್ತಾವೆ, ನಾವು ತಾಯಂದಿರು ಕೌಂಟರ್ ಕಡೆ ನೋಡ್ತಾ ಇರ್ತೀವಿ. ಬೇಸಿಗೇಲಿ "ಇವತ್ತು ಎರಡರ ಬದಲು ಒಂದೇ ಯೂನಿಟ್ ಇದೆ ಅಮ್ಮ, ಮುಂದಿನ ವಾರ ಬನ್ನಿ" ಅಂತಾರೆ. ಅವ್ರದ್ದೂ ತಪ್ಪಲ್ಲ, ಇದ್ರೆ ತಾನೇ ಕೊಡೋದು. ಆ ವಾರ ಮತ್ತೆ ಅವಳಿಗೆ ಸ್ಕೂಲ್ ರಜ, ನಂಗೆ ಕೂಲಿ ರಜ.

ಪೆಂಡಾಲ್_ಸೆಕ್ರೆಟ್ರಿ (ದಾವಣಗೆರೆ):
ಅಕ್ಕ, ಇದನ್ನ ನಮ್ಮ ಹುಡುಗ್ರಿಗೆ ಓದಿ ಹೇಳ್ಲಾ? ನಿಮ್ಮ ಊರು ಹೆಸ್ರು ಏನೂ ಹೇಳಲ್ಲ.

ಕೋಲಾರದ_ಅಕ್ಕ:
ಹೇಳಪ್ಪ ಪರ್ವಾಗಿಲ್ಲ. ಅಯ್ಯೋ ಪಾಪ ಅನ್ನಿಸೋ ಹಾಗೆ ಮಾತ್ರ ಹೇಳ್ಬೇಡ, ಅವಳಿಗೆ ಅದು ಆಗಲ್ಲ.

ಲ್ಯಾಬ್_ಮಾಮ (ಮೈಸೂರು):
ಸೆಕ್ರೆಟ್ರಿ, ನಿಮ್ಮ ಶಿಬಿರದ ಬಗ್ಗೆ ಒಂದು ಖಾರದ ಮಾತು. ಒಂದೇ ದಿನ ನೂರಾರು ಬ್ಯಾಗ್ ಮಾಡ್ತೀವಿ ಅನ್ನೋದು ಮದುವೆ ಊಟ ಒಂದೇ ದಿನ ಬೇಯ್ಸಿ ವರ್ಷವಿಡೀ ಬಡಿಸ್ತೀನಿ ಅಂದ ಹಾಗೆ. ರಕ್ತಕ್ಕೆ ಆಯಸ್ಸು ಇದೆ. ಮಾಮೂಲಿ ಬ್ಯಾಗಲ್ಲಿ 35 ದಿನ, ಬೇರ್ಪಡಿಸಿದ ಕೆಂಪು ಕಣಕ್ಕೆ ಪೋಷಕ ದ್ರಾವಣ ಸೇರ್ಸಿದ್ರೆ 42 ದಿನ. ಪ್ಲೇಟ್ಲೆಟ್ 5 ದಿನ ಮಾತ್ರ, ಅದೂ ಅಲ್ಲಾಡಿಸ್ತಾನೇ ಇರೋ ಮಷಿನಲ್ಲಿ. ಪ್ಲಾಸ್ಮಾ ಒಂದನ್ನೇ ಮೈನಸ್ 30ರಲ್ಲಿ ವರ್ಷ ಇಡ್ಬಹುದು. ಅಂದ್ರೆ ಗಣಪತಿ ಹಬ್ಬದಲ್ಲಿ ತಗೊಂಡ ಕೆಂಪು ರಕ್ತ ದೀಪಾವಳಿ ಹೊತ್ತಿಗೆ ಒಂದೋ ಯಾರ ಮೈಗೋ ಹೋಗಿರುತ್ತೆ, ಇಲ್ಲಾ ಎಸೆದಿರ್ತಾರೆ. ಏಪ್ರಿಲಲ್ಲಿ ಕಾಲೇಜಿಗೆಲ್ಲ ಪರೀಕ್ಷೆ, ರಜ, ಕ್ಯಾಂಪೇ ಇಲ್ಲ, ಜನ ಊರು ಬಿಟ್ಟಿರ್ತಾರೆ. ಕ್ಯಾನ್ಸರ್ ವಾರ್ಡು, ಹೆರಿಗೆ ವಾರ್ಡು ಮಾತ್ರ ಊರು ಬಿಟ್ಟು ಎಲ್ಲೂ ಹೋಗಿರಲ್ಲ.

ರಾಜಕಾರಣಿ ಹುಟ್ಟಿದಬ್ಬಕ್ಕೆ "ದಾಖಲೆ ರಕ್ತದಾನ" ಅಂತ ಫ್ಲೆಕ್ಸ್ ನೋಡಿದ್ರೆ ನಂಗೆ ಇವತ್ತಿಗೂ ಮೈ ಉರಿಯುತ್ತೆ.

ಅಪ್ಪು_ಅಭಿಮಾನಿ_ಹಾಸನ:
ಎಲ್ಲಾನೂ ಒಂದೇ ತಕ್ಕಡೀಲಿ ತೂಗ್ಬೇಡಿ ಸಾರ್. ಮಾರ್ಚ್ 17ಕ್ಕೆ ಅಪ್ಪು ಸರ್ ಹುಟ್ಟಿದಬ್ಬಕ್ಕೆ ಊರೂರಲ್ಲಿ ಕ್ಯಾಂಪ್ ಮಾಡ್ತಾರೆ, ಬೇಸಿಗೆ ಶುರುವಾಗೋ ಟೈಮೇ ಅದು. 2021ರಲ್ಲಿ ಅವ್ರು ಹೋದಾಗ ಕಣ್ಣು ದಾನ ಮಾಡಿದ್ದು ನೋಡಿ ಎಷ್ಟೊಂದ್ ಜನ ನೇತ್ರದಾನಕ್ಕೆ ಹೆಸ್ರು ಬರ್ಸಿದ್ರು, ಅಭಿಮಾನದಿಂದಾನೂ ಒಳ್ಳೇದಾಗುತ್ತೆ.

ಲ್ಯಾಬ್_ಮಾಮ (ಮೈಸೂರು):
ಆಗುತ್ತೆ, ಇಲ್ಲ ಅನ್ನಲ್ಲ. ಆ ದಿನ ಬಂದವ್ರನ್ನ ಜೂನಲ್ಲಿ ಮತ್ತೆ ಕರೀರಿ ಅಂತ ಹೇಳ್ತಿರೋದು. ಜೂನಿಂದ ಡೆಂಗ್ಯೂ ಶುರು, ಪ್ಲೇಟ್ಲೆಟ್‌ಗೆ ಓಡಾಟ.

ಟ್ಯಾಟೂ_ತಿಮ್ಮ:
ಡೆಂಗ್ಯೂಗೆ ಪಪ್ಪಾಯ ಎಲೆ ರಸ ಕುಡಿದ್ರೆ ಪ್ಲೇಟ್ಲೆಟ್ ಏರುತ್ತೆ, ಯಾರ್ದೂ ಬೇಕಾಗಲ್ಲ.

ಎರಡ್_ಮಕ್ಳ_ಅಮ್ಮ:
ಬಂತಪ್ಪ ಪಪ್ಪಾಯ. ಡೆಂಗ್ಯೂ ವಾಸಿ ಆಗೋ ಹೊತ್ತಿಗೆ ಪ್ಲೇಟ್ಲೆಟ್ ತಾನಾಗೇ ಏರುತ್ತೆ, ಕ್ರೆಡಿಟ್ ಎಲ್ಲಾ ಎಲೆಗೆ. ಆ ವಿಷಯಕ್ಕೆ ಬೇರೆ ಕಡೆ ಜಗಳ ಆಡಿ. ನಂದು ಬೇರೆ ಪ್ರಶ್ನೆ, ಇಲ್ಲಿ ತನಕ ಯಾರೂ ಹೆಂಗಸರ ಸುದ್ದಿ ಎತ್ತಿಲ್ಲ ಯಾಕೆ? ನಮ್ಮ ಆಫೀಸ್ ಕ್ಯಾಂಪಲ್ಲಿ ನಾವು ಕ್ಯೂ ನಿಲ್ತೀವಿ, ಬೆರಳು ಚುಚ್ಚಿ ಆ ನೀಲಿ ನೀರಿಗೆ ಒಂದು ಹನಿ ಬಿಡ್ತಾರೆ, ಹನಿ ತೇಲುತ್ತೆ, "ನೆಕ್ಸ್ಟ್" ಅಂತಾರೆ. ಅಷ್ಟೇ. ಯಾಕೆ ತೇಲ್ತು, ಏನ್ ತಿನ್ಬೇಕು, ಯಾವಾಗ ಮತ್ತೆ ಬರ್ಬೇಕು ಒಂದು ಮಾತಿಲ್ಲ. ಒಬ್ಬಳು ಅಳ್ತಾ ಹೋದ್ಲು, ನನ್ನ ರಕ್ತ ಕೆಟ್ಟಿದೆ ಅಂತ ಅಂದ್ಕೊಂಡು.

ಲ್ಯಾಬ್_ಮಾಮ (ಮೈಸೂರು):
ತಾಯಿ, ಆ ನೀಲಿ ನೀರು ಕಾಪರ್ ಸಲ್ಫೇಟ್, ಅಂದ್ರೆ ನಮ್ಮ ಮೈಲುತುತ್ತ. ಹಿಮೋಗ್ಲೋಬಿನ್ 12.5 ಇದ್ರೆ ಹನಿ ತೂಕ ಇದ್ದು ಮುಳುಗುತ್ತೆ, ಕಮ್ಮಿ ಇದ್ರೆ ತೇಲುತ್ತೆ ಇಲ್ಲಾ ನಡುವಲ್ಲೇ ನಿಲ್ಲುತ್ತೆ. ರಕ್ತ ಕೆಟ್ಟಿದೆ ಅಂತಲ್ಲ, ಕಬ್ಬಿಣದ ಅಂಶ ಕಮ್ಮಿ ಇರ್ಬಹುದು ಅಂತ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸರ್ವೇ (ಎನ್‌ಎಫ್‌ಎಚ್‌ಎಸ್-5) ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಣ್ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ರಕ್ತಹೀನತೆ ಇತ್ತು. ಹಾಗೆ ವಾಪಸ್ ಕಳಿಸೋವಾಗ ಎರಡು ನಿಮಿಷ ಕೂತು ಹೇಳ್ಬೇಕು, ನಮ್ಮವ್ರು ಹೇಳಲ್ಲ, ಗಡಿಬಿಡಿ. ನೀವು ಹೇಳಿದ್ದು ಸರಿ. ಗಂಡಸ್ರಿಗೆ ಎರಡು ಸಲದ ನಡುವೆ 90 ದಿನ, ಹೆಂಗಸ್ರಿಗೆ 120 ದಿನ ಇಟ್ಟಿರೋದೂ ಈ ಕಬ್ಬಿಣ ತುಂಬ್ಕೊಳ್ಳಲಿ ಅಂತಾನೇ. ಒಂದು ಸಲ ಕೊಟ್ರೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೋಗುತ್ತೆ. ನೀರಿನಂಶ ಒಂದೆರಡು ದಿನಕ್ಕೆ ವಾಪಸ್, ಕಣಗಳು ಕೆಲವು ವಾರಕ್ಕೆ, ಕಬ್ಬಿಣಕ್ಕೇ ಜಾಸ್ತಿ ಟೈಮ್ ಬೇಕು.

ಹುಬ್ಬಳ್ಳಿ_ಗಿರ್ಮಿಟ್:
ಅದಕ್ಕ ಮಟನ್ ತಿನ್ರೀ. ಕಾಳಜಾ ತಿಂದ್ರ ಹದಿನೈದು ಮುಟ್ಟತೈತಿ.

ಮಂಡ್ಯ_ಬೆಲ್ಲ:
ರಾಗಿ ಮುದ್ದೆ, ನುಗ್ಗೆ ಸೊಪ್ಪು, ಉಪ್ಸಾರು. ಮಟನ್ ಯಾಕೆ.

ಹುಬ್ಬಳ್ಳಿ_ಗಿರ್ಮಿಟ್:
ಹೆಸರು ಬೆಲ್ಲ, ಮಾತು ಸಪ್ಪೆ.

ಎರಡ್_ಮಕ್ಳ_ಅಮ್ಮ:
ಇಬ್ರೂ ಊಟ ಆದ್ಮೇಲೆ ಒಂದು ಲೋಟ ಟೀ ಕುಡೀತೀರಲ್ಲ ಅದನ್ನ ಬಿಡಿ ಮೊದ್ಲು, ತಿಂದ ಕಬ್ಬಿಣ ಮೈಗೆ ಹತ್ತೋಕೆ ಬಿಡಲ್ಲ ಅದು. ಜೊತೆಗೆ ನಿಂಬೆಹಣ್ಣು ಹಿಂಡ್ಕೊಳ್ಳಿ. ಡಾಕ್ಟ್ರು ನಂಗೆ ಹೇಳಿದ್ದು. ಮಾತ್ರೆ ತಗೊಂಡು ಈಗ ನನ್ನ ಹನಿ ಮುಳುಗುತ್ತೆ, ಗಂಡಂದೇ ತೇಲ್ತು ಹೋದ ಸಲ 😄

ಓ_ಪಾಸಿಟಿವ್_ಪಾಪ:
ನಂದು ಓ ಪಾಸಿಟಿವ್. ಎಲ್ರದ್ದೂ ಅದೇ ಅಲ್ವಾ, ನಂದೇನು ಬೇಕಾಗುತ್ತೆ, ಅಪರೂಪದ ಗ್ರೂಪ್‌ನವ್ರು ರೆಗ್ಯುಲರ್ ಆಗಿ ಕೊಡ್ಲಿ ಅಂತ ನನ್ನ ವಾದ.

ಲ್ಯಾಬ್_ಮಾಮ (ಮೈಸೂರು):
ರೋಗಿಗಳಲ್ಲೂ ಎಲ್ರದ್ದೂ ಅದೇ ಅಲ್ವಾ ಪಾಪ! ಫ್ರಿಜ್ಜಲ್ಲಿ ಮೊದಲು ಖಾಲಿ ಆಗೋದೇ ಓ ಪಾಸಿಟಿವ್. ಇನ್ನೊಂದು ತಮಾಷೆ ಕೇಳಿ, ನಿಮ್ಮದು ಓ ಅಂತ ಕಾರ್ಡಲ್ಲಿ ಬರ್ಕೊಂಡಿರೋದು ನಿಜವಾಗ್ಲೂ ಓ ಹೌದಾ? 1952ರಲ್ಲಿ ಮುಂಬೈಯಲ್ಲಿ ಡಾ. ಭೇಂಡೆ ಮತ್ತು ಜೊತೆಯವ್ರು ಕಂಡುಹಿಡಿದ ಬಾಂಬೆ ಗ್ರೂಪ್ ಅಂತ ಒಂದಿದೆ. ಎ, ಬಿ ಎರಡಕ್ಕೂ ಬುನಾದಿ ಆಗಿರೋ ಎಚ್ ಅನ್ನೋ ಅಂಶವೇ ಅವ್ರಲ್ಲಿ ಇರಲ್ಲ. ಸಾದಾ ಟೆಸ್ಟಲ್ಲಿ ಅವ್ರು ಓ ಥರಾನೇ ಕಾಣ್ತಾರೆ, ಆದ್ರೆ ಅವ್ರಿಗೆ ಓ ರಕ್ತ ಹಾಕಿದ್ರೆ ಜೀವಕ್ಕೇ ಅಪಾಯ, ಇನ್ನೊಬ್ಬ ಬಾಂಬೆ ಗ್ರೂಪ್‌ನವ್ರದ್ದೇ ಆಗ್ಬೇಕು. ನಮ್ಮ ದೇಶದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ರು ಅಂತಾರೆ. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್‌ನವ್ರು ಇಂಥ ದಾನಿಗಳ ಪಟ್ಟಿ ಇಟ್ಕೊಂಡು ಬೇಕಾದಾಗ ಜೋಡಿಸ್ತಾರೆ. ಇಂಥವ್ರು ಎಷ್ಟೋ ಸಲ ಗೊತ್ತಾಗೋದೇ ಮೊದಲ್ನೇ ಸಲ ರಕ್ತ ಕೊಡೋಕೆ ಬಂದಾಗ.

ಓ_ಪಾಸಿಟಿವ್_ಪಾಪ:
ಅಯ್ಯೋ ಈಗ ಭಯ ಆಗ್ತಿದೆ, ಹೋಗಿ ಚೆಕ್ ಮಾಡಿಸ್ಲೇಬೇಕು.

ಕರಾವಳಿ_ಕಡ್ಲೆ:
ಮಾಮ ಹೆದರಿಸಿಯಾದ್ರೂ ಒಬ್ಬನನ್ನ ಕಳ್ಸಿದ್ರು ಹಾಂ.

ಲೀಡ್ಸ್_ಕನ್ನಡಿಗ:
ನಾನು ಶಿವಮೊಗ್ಗ ಕಡೆಯವ್ನು, ಈಗ ಇಂಗ್ಲೆಂಡಲ್ಲಿ ಇದೀನಿ. ಇಲ್ಲಿ ಒಂದು ಸಣ್ಣ ವಿಷಯ ನಂಗೆ ಬಹಳ ಹಿಡಿಸ್ತು. ರಕ್ತ ಕೊಟ್ಟು ಕೆಲವು ದಿನ ಆದ್ಮೇಲೆ ಮೊಬೈಲಿಗೆ ಮೆಸೇಜ್ ಬರುತ್ತೆ, ನಿಮ್ಮ ರಕ್ತ ಇಂಥಾ ಆಸ್ಪತ್ರೆಗೆ ಹೋಯ್ತು ಅಂತ. ಪೇಷೆಂಟ್ ಹೆಸ್ರು ಏನೂ ಇರಲ್ಲ, ಆಸ್ಪತ್ರೆ ಹೆಸ್ರು ಅಷ್ಟೇ. ಬಸ್ಸಲ್ಲಿ ಆ ಆಸ್ಪತ್ರೆ ಮುಂದೆ ಹೋಗೋವಾಗೆಲ್ಲ ನಂದೇನೋ ಪಾಲು ಇದೆ ಒಳಗೆ ಅನ್ಸುತ್ತೆ. ಇನ್ನೊಂದು, ಕೊಟ್ಟು ಏಳೋ ಹೊತ್ತಿಗೇ ಮುಂದಿನ ಅಪಾಯಿಂಟ್‌ಮೆಂಟ್ ಕೇಳ್ತಾರೆ. ಗಂಡಸ್ರಿಗೆ 12 ವಾರ, ಹೆಂಗಸ್ರಿಗೆ 16 ವಾರ ಬಿಟ್ಟು. ತಾರೀಕು ಫೋನ್ ಕ್ಯಾಲೆಂಡರಿಗೆ ಬಿದ್ರೆ ಆಯ್ತು, ಮನಸ್ಸಾದಾಗ ಹೋಗೋಣ ಅನ್ನೋ ಪ್ರಶ್ನೆನೇ ಇಲ್ಲ. ಮಲೇರಿಯಾ ಇರೋ ಕಡೆ ಹೋಗಿ ಬಂದ್ರೆ ಕೆಲವು ತಿಂಗಳು ತಗೊಳ್ಳಲ್ಲ ಅನ್ನೋದೊಂದೇ ಕಿರಿಕಿರಿ, ಊರಿಗೆ ಬಂದು ಹೋದಾಗೆಲ್ಲ ನನ್ನ ಲೆಕ್ಕ ತಪ್ಪುತ್ತೆ.

ಸಿಡುಕು_ಸಿದ್ದ:
ಆ ಮೆಸೇಜ್ ಐಡಿಯಾ ಒಳ್ಳೇದು ಗುರು. ನಮ್ಮಲ್ಲಿ ಬರೋದು "ಪ್ರೀತಿಯ ಗ್ರಾಹಕರೇ, ಪರ್ಸನಲ್ ಲೋನ್ ಬೇಕೇ".

ಬೆಳಗಿನ_ಬಿಎಂಟಿಸಿ:
ನಂದು ಇನ್ನೊಂದು ಕಾರಣ ಸೇರ್ಸ್ಕೊಳ್ಳಿ. ಮೊದಲ ಸಲದ ಅನುಭವ ಕೆಟ್ಟದಾದ್ರೆ ಮುಗೀತು. ಕಾಲೇಜಲ್ಲಿ ನಮ್ಮ ಕ್ಲಾಸ್ ಹುಡುಗ ಒಬ್ಬ ಬೆಳಿಗ್ಗೆಯಿಂದ ಏನೂ ತಿನ್ದೇ ಬಂದು ಮಲಗಿ, ಎದ್ದ ತಕ್ಷಣ ಜ್ಯೂಸ್ ಕುಡೀದೇ ಮೆಟ್ಟಿಲು ಇಳಿಯೋಕೆ ಹೋಗಿ ಧಡ್ ಅಂತ ಬಿದ್ದ. ಏನೂ ಆಗ್ಲಿಲ್ಲ, ಎರಡು ನಿಮಿಷಕ್ಕೆ ಎದ್ದು ಕೂತ. ಆದ್ರೆ ಯಾವನೋ ಅದನ್ನ ವಿಡಿಯೋ ಮಾಡಿ ಕಾಮಿಡಿ ಮ್ಯೂಸಿಕ್ ಹಾಕಿ ಬಿಟ್ಟ. ಮುಂದಿನ ವರ್ಷ ನಮ್ಮ ಸೆಕ್ಷನ್ನಿಂದ ಒಂದು ನರಪಿಳ್ಳೆನೂ ಬರ್ಲಿಲ್ಲ.

ಲ್ಯಾಬ್_ಮಾಮ (ಮೈಸೂರು):
ಅದಕ್ಕೇ ಹೇಳೋದು. ಖಾಲಿ ಹೊಟ್ಟೇಲಿ ಬರ್ಬೇಡಿ, ನಾಲ್ಕು ಗಂಟೆ ಒಳಗೆ ಏನಾದ್ರೂ ತಿಂದಿರ್ಬೇಕು. ನೈಟ್ ಶಿಫ್ಟ್ ಮುಗಿಸಿ ನಿದ್ದೆ ಇಲ್ಲದೆ ಬರ್ಬೇಡಿ. ಮಲಗೋ ಮುಂಚೆ ಅರ್ಧ ಲೀಟರ್ ನೀರು ಕುಡೀರಿ, ತಲೆ ಸುತ್ತೋದು ಬಹಳ ಕಮ್ಮಿ ಆಗುತ್ತೆ. ಸೂಜಿ ಚುಚ್ಚೋದು ನೋಡೋಕೆ ಆಗ್ದಿದ್ರೆ ಆ ಕಡೆ ತಿರುಗಿ, ಯಾರೂ ನಗಲ್ಲ. ತಗೊಳ್ಳೋದು 350 ಅಥವಾ 450 ಎಂಎಲ್, 450 ಬೇಕಂದ್ರೆ ತೂಕ 55 ಕೆಜಿ ಮೇಲಿರ್ಬೇಕು, 45 ಕೆಜಿ ಒಳಗಿದ್ರೆ ತಗೊಳ್ಳೋದೇ ಇಲ್ಲ. ಹತ್ತು ನಿಮಿಷದ ಕೆಲಸ. ಆಮೇಲೆ ಹದಿನೈದು ನಿಮಿಷ ಅಲ್ಲೇ ಕೂರಿ, ಬಿಸ್ಕೆಟ್ ತಿನ್ನಿ. ಆವತ್ತು ಆ ಕೈಯಲ್ಲಿ ಗ್ಯಾಸ್ ಸಿಲಿಂಡರ್ ಎತ್ಬೇಡಿ.

ಮಂಡ್ಯ_ಬೆಲ್ಲ:
ಮಾಮ, ನಿಮ್ಮ ಕಾಲದಲ್ಲಿ ದುಡ್ಡಿಗೆ ರಕ್ತ ಕೊಡೋರು ಇದ್ರಂತಲ್ಲ, ನಮ್ಮಪ್ಪ ಹೇಳ್ತಿದ್ರು.

ಲ್ಯಾಬ್_ಮಾಮ (ಮೈಸೂರು):
ಇದ್ರು. ನಾನು ಕೆಲಸಕ್ಕೆ ಸೇರಿದಾಗ ಗಾಜಿನ ಬಾಟ್ಲು, ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಮೆಟ್ಟಿಲ ಮೇಲೆ ಕೂತಿರೋರು. ಬಡವ್ರು, ಕೆಲವ್ರು ಕುಡಿತಕ್ಕೆ ಬಿದ್ದವ್ರು, ಮುಖ ನೋಡಿದ್ರೇ ಗೊತ್ತಾಗ್ತಿತ್ತು ಮೈಯಲ್ಲಿ ರಕ್ತ ಇಲ್ಲ ಅಂತ. ಒಂದು ಕಡೆ ಬೇಡ ಅಂದ್ರೆ ಇನ್ನೊಂದು ಕಡೆ ಬೇರೆ ಹೆಸ್ರಲ್ಲಿ ಕೊಡೋರು. 1996ರಲ್ಲಿ ಸುಪ್ರೀಂ ಕೋರ್ಟ್ ಕಾಮನ್ ಕಾಸ್ ಅನ್ನೋ ಸಂಸ್ಥೆ ಹಾಕಿದ್ದ ಕೇಸಲ್ಲಿ ಇದನ್ನ ನಿಲ್ಸಿ ಅಂತು, 1998ರ ಜನವರಿ 1ರಿಂದ ಪೂರ್ತಿ ಬಂದ್. ಅದಕ್ಕೇ ಹೆಲ್ಮೆಟ್, ಮಿಕ್ಸಿ ಅಂದ್ರೆ ನಂಗೆ ಆಗಲ್ಲ. ಮಿಕ್ಸಿ ಬೇಕಾದವ್ನು ಕಾಮಾಲೆ ಬಂದಿತ್ತು ಅಂತ ಹೇಳಲ್ಲ. ಪೆನ್ನು, ಬ್ಯಾಡ್ಜು, ಒಂದು ಒಳ್ಳೇ ಕಾಫಿ ಸಾಕು.

ಪೆಂಡಾಲ್_ಸೆಕ್ರೆಟ್ರಿ (ದಾವಣಗೆರೆ):
ಇಷ್ಟೆಲ್ಲಾ ಓದಿ ಒಂದು ಪ್ಲಾನ್ ಹಾಕಿದೀನಿ, ತೂತು ಇದ್ರೆ ಹೇಳಿ. ಶಿಬಿರ ನಿಲ್ಸಲ್ಲ, ಅಲ್ಲಿಂದಾನೇ ಹೊಸಬ್ರು ಸಿಗೋದು. ಆದ್ರೆ ಆವತ್ತು ಬ್ಲಡ್ ಬ್ಯಾಂಕ್‌ನವ್ರು ಎಷ್ಟು ಬೇಕು ಅಂತಾರೋ ಅಷ್ಟೇ, ಮಿಕ್ಕವ್ರ ಹೆಸ್ರು ಬರ್ಕೊಂಡು ಮುಂದಿನ ತಿಂಗಳುಗಳಿಗೆ ಹಂಚೋದು. ಗಲ್ಲಿಗೊಬ್ಬ ಹುಡುಗ, ಅವನ ಕೈಲಿ ಹತ್ತು ಹೆಸ್ರು. ಪ್ರತಿ ತಿಂಗಳ ಮೊದಲ ಭಾನುವಾರ ಒಂದು ಗಲ್ಲಿಯವ್ರು ಒಟ್ಟಿಗೆ ಬ್ಲಡ್ ಬ್ಯಾಂಕಿಗೇ ಹೋಗೋದು, ಬರ್ತಾ ಬೆಣ್ಣೆದೋಸೆ. ಏಪ್ರಿಲ್ ಮೇ ಎರಡಕ್ಕೂ ಡಬಲ್ ಗಲ್ಲಿ. ಕೊಟ್ಟು ಎದ್ದ ತಕ್ಷಣ ಅವನ ಫೋನ್ ತಗೊಂಡು 90 ದಿನ ಬಿಟ್ಟು ರಿಮೈಂಡರ್ ಹಾಕೋದು ಗಲ್ಲಿ ಹುಡುಗನ ಜವಾಬ್ದಾರಿ. ತೇಲಿದವ್ರಿಗೆ ಯಾಕೆ ತೇಲ್ತು ಅಂತ ಹೇಳೋಕೆ ನಮ್ಮ ಏರಿಯಾದ ನರ್ಸ್ ಅಕ್ಕ ಒಬ್ರು ಒಪ್ಕೊಂಡಿದ್ದಾರೆ.

ಹುಬ್ಬಳ್ಳಿ_ಗಿರ್ಮಿಟ್:
ಬೆಣ್ಣೆದೋಸಿ ಅಂದ್ರ ಅದೂ ಆಮಿಷನ ಆತಲ್ರೀ? ನಾನೂ ಬರ್ತೇನಿ.

ಎರಡ್_ಮಕ್ಳ_ಅಮ್ಮ:
"ಗಲ್ಲಿ ಹುಡುಗ" ಯಾಕೆ, ಗಲ್ಲಿ ಹುಡುಗಿ ಇರ್ಬಾರ್ದಾ? ನಿಮ್ಮ ಹತ್ತು ಹೆಸ್ರಲ್ಲಿ ಅರ್ಧ ಹೆಂಗಸ್ರು ಬೇಕಂದ್ರೆ ಫೋನ್ ಮಾಡೋದೂ ಹೆಂಗಸ್ರೇ ಆಗ್ಬೇಕು. ರಿಮೈಂಡರ್ 120 ದಿನಕ್ಕೆ ಹಾಕಿ.

ಪೆಂಡಾಲ್_ಸೆಕ್ರೆಟ್ರಿ (ದಾವಣಗೆರೆ):
ಒಪ್ಪಿದೆ ಮೇಡಂ. ನಮ್ಮ ಸಂಘದ ಹೆಸ್ರಲ್ಲೇ "ಯುವಕ" ಇದೆ, ಅದಕ್ಕೂ ಜಗಳ ಆಗುತ್ತೆ ಈಗ.

ಕರಾವಳಿ_ಕಡ್ಲೆ:
ಒಂದು ಮಾತು ಸೇರಿಸಿ. ಬ್ಲಡ್ ಬ್ಯಾಂಕಿನವರ ಹತ್ರ ಮೊದ್ಲೇ ಮಾತಾಡಿ, ಆದಿತ್ಯವಾರ ಡಾಕ್ಟರ್ ಇರ್ತಾರಾ ಅಂತ. ನಮ್ಮಲ್ಲಿ ಹತ್ತು ಜನ ಹೋಗಿ ಬಾಗಿಲಲ್ಲಿ ವಾಚ್‌ಮನ್ ಹತ್ರ ಮಾತಾಡಿ ಬಂದದ್ದು ಉಂಟು. ಕೇಂದ್ರ ಸರ್ಕಾರಿ ಕೆಲಸದವರಿದ್ರೆ ವಾರದ ದಿನವೇ ಹೋಗ್ಬಹುದು, ರಕ್ತ ಕೊಡ್ಲಿಕ್ಕೆ ವರ್ಷಕ್ಕೆ 4 ಸಲ ವಿಶೇಷ ರಜೆ ಉಂಟು, ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಬಿಪಿ_ಭಟ್ರು:
ನನಗೆ 58, ಬಿಪಿ ಮಾತ್ರೆ ತಗೋತೀನಿ, ಸಕ್ಕರೆ ಕಾಯಿಲೆಗೂ ಮಾತ್ರೆ. ನನ್ನಂಥವರು ಸುಮ್ನೆ ಚಪ್ಪಾಳೆ ತಟ್ಟೋದೇನಾ?

ಲ್ಯಾಬ್_ಮಾಮ (ಮೈಸೂರು):
ಭಟ್ರೇ, 65ರ ತನಕ ಕೊಡ್ಬಹುದು, ಆದ್ರೆ ಮೊದಲ್ನೇ ಸಲ ಕೊಡೋದಾದ್ರೆ 60ರ ಒಳಗೆ ಶುರು ಮಾಡ್ಬೇಕು. ಆವತ್ತು ಬಿಪಿ 140/90 ಒಳಗಿದ್ದು, ಕಳೆದ ನಾಲ್ಕು ವಾರದಲ್ಲಿ ಮಾತ್ರೆ ಬದಲಾಯಿಸದೇ ಇದ್ದು, ಸಕ್ಕರೆ ಹಿಡಿತದಲ್ಲಿದ್ರೆ ತಗೋತಾರೆ. ಇನ್ಸುಲಿನ್ ಚುಚ್ಕೊಳ್ತಿದ್ರೆ ಆಗಲ್ಲ. ಕೊನೇ ಮಾತು ಅಲ್ಲಿನ ಡಾಕ್ಟರದ್ದು, ಮಾತ್ರೆ ಚೀಟಿ ಜೊತೇಲಿ ಒಯ್ಯಿರಿ.

ಟ್ಯಾಟೂ_ತಿಮ್ಮ:
ಮಾಮ ನಾನು? ಕೈಮೇಲೆ ಟ್ಯಾಟೂ ಇದೆ, ಎಲ್ರೂ ಆಗಲ್ಲ ಅಂತಾರೆ.

ಲ್ಯಾಬ್_ಮಾಮ (ಮೈಸೂರು):
ಹಾಕಿಸಿ 12 ತಿಂಗಳು ಆಗಿದ್ರೆ ಆಯ್ತು. ಯಾವಾಗ ಹಾಕ್ಸಿದ್ದು?

ಟ್ಯಾಟೂ_ತಿಮ್ಮ:
ತಾರೀಕು ನೆನಪಿಲ್ಲ ಮಾಮ.

ಬೆಳಗಿನ_ಬಿಎಂಟಿಸಿ:
ಕೈಮೇಲೆ ಹೆಸ್ರು ಬರ್ಸ್ಕೊಂಡಿದ್ಯಲ್ಲ, ಅವಳ್ನೇ ಕೇಳು.

ಟ್ಯಾಟೂ_ತಿಮ್ಮ:
ಬ್ಲಾಕ್ ಮಾಡಿದಾಳೆ.

ಹುಬ್ಬಳ್ಳಿ_ಗಿರ್ಮಿಟ್:
ಬ್ಲಾಕ್ ಮಾಡಿ ವರ್ಷ ಆಗಿದ್ರ ಸಾಕು ಬಾರೋ ತಮ್ಮಾ 😂